ಗದ್ದೆ ಯಾರದು?



ಭತ್ತದ ಬೇಸಾಯದಲ್ಲಿ ಹೆಂಗಸರ ಕೆಲಸ ಯಾವುದು? ಬೆರಳು ಮಡಚಿ ಎಣಿಸಿ ನೋಡಿ.

ಬೀಜ ಆರಿಸುವುದು. ಸಸಿ ಕೀಳುವುದು. ನಾಟಿ ಹಾಕುವುದು. ಕಳೆ ಕೀಳುವುದು. ಕೊಯ್ಲು ಮಾಡುವುದು. ಹೊರೆ ಹೊರುವುದು. ತೂರುವುದು, ಕೇರುವುದು. ಕೊನೆಗೆ ಅನ್ನ ಮಾಡಿ ಬಡಿಸುವುದು. ಒಂದು ಕೈಯ ಬೆರಳು ಸಾಲಲಿಲ್ಲ, ಅಲ್ವಾ?

ಈಗ ಇನ್ನೊಂದು ಪ್ರಶ್ನೆ. ಆ ಗದ್ದೆ ಯಾರದು? ಕಾಗದದಲ್ಲಿ ಯಾರ ಹೆಸರಿದೆ? ಭತ್ತ ಮಾರಿದ ದುಡ್ಡು ಯಾರ ಕೈಗೆ ಬರುತ್ತದೆ?

ಇಲ್ಲಿ ನಾವು ಸ್ವಲ್ಪ ಸುಮ್ಮನಾಗುತ್ತೇವೆ.

ಈ ಪ್ರಶ್ನೆ ನಮ್ಮೂರಿನದು ಮಾತ್ರ ಅಲ್ಲ. ಸಮುದ್ರದ ಆಚೆ, ಆಫ್ರಿಕಾದ ಒಂದು ಪುಟ್ಟ ದೇಶದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿಗೆ ಒಬ್ಬ ಪ್ರಾಧ್ಯಾಪಕಿ ಹೋದರು. ಹೆಂಗಸರ ಗದ್ದೆಯ ಕಥೆಯನ್ನು ಕಲಿತರು. ಬರೆದರು. ಅವರು ಕಂಡದ್ದೇನು? ಅದನ್ನು ಇಲ್ಲಿ ತಿಳಿಯೋಣ.

ಭೂಗೋಳ ಅಂದರೆ ಬರೀ ನಕ್ಷೆಯಲ್ಲ

ಅವರ ಹೆಸರು ಜೂಡಿತ್ ಕಾರ್ನಿ. ಊರು ಅಮೆರಿಕ. ಲಾಸ್ ಏಂಜಲಿಸ್ ಎಂಬ ನಗರದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದೆ. ಅಲ್ಲಿ ಅವರು ಭೂಗೋಳ ಕಲಿಸಿದರು.

ಭೂಗೋಳ ಅಂದರೆ ಏನು? ಗೋಡೆಗೆ ನಕ್ಷೆ ನೇತುಹಾಕಿ, ನದಿ ಬೆಟ್ಟಗಳ ಹೆಸರು ಹೇಳಿಸುವುದು ಅಂತ ಅನೇಕರು ತಿಳಿದಿದ್ದಾರೆ. ಅಷ್ಟೇ ಅಲ್ಲ. ಜನ ತಮ್ಮ ನೆಲದ ಜೊತೆ ಹೇಗೆ ಬಾಳುತ್ತಾರೆ? ನೀರನ್ನು ಹೇಗೆ ಬಳಸುತ್ತಾರೆ? ಕಾಡು, ಮಣ್ಣು, ಮಳೆ ಇವು ಬದಲಾದರೆ ಊರಿನ ಬದುಕು ಹೇಗೆ ಬದಲಾಗುತ್ತದೆ? ಇದನ್ನು ತಿಳಿಯುವುದೂ ಭೂಗೋಳವೇ.

ಹಾಗೆ ನೋಡಿದರೆ ನಿಮಗೂ ಭೂಗೋಳ ಗೊತ್ತು. ಯಾವ ಹೊಲದಲ್ಲಿ ನೀರು ನಿಲ್ಲುತ್ತದೆ, ಯಾವ ಮಣ್ಣು ಬೇಗ ಒಣಗುತ್ತದೆ, ಯಾವ ಮೋಡ ಮಳೆ ತರುತ್ತದೆ, ಇದೆಲ್ಲಾ ನಿಮಗೆ ಗೊತ್ತಲ್ಲ! ಯಾರೂ ಪುಸ್ತಕ ಓದಿ ಹೇಳಿಕೊಟ್ಟಿದ್ದಲ್ಲ. ಕೆಲಸ ಮಾಡುತ್ತಾ ಕಲಿತದ್ದು.

ಇಂಥ ತಿಳಿವಳಿಕೆ ಯಾರ ಕೈಯಲ್ಲಿದೆ ಅಂತ ಹುಡುಕಿದವರು ಕಾರ್ನಿ. 1980ರ ದಶಕದಲ್ಲಿ ಅವರು ಗ್ಯಾಂಬಿಯಾ ದೇಶಕ್ಕೆ ಹೋದರು.

ಒಂದು ನದಿ, ಒಂದು ದೇಶ

ಗ್ಯಾಂಬಿಯಾ ಆಫ್ರಿಕಾ ಖಂಡದ ಪಶ್ಚಿಮ ದಿಕ್ಕಿನಲ್ಲಿದೆ. ಬಹಳ ಚಿಕ್ಕ ದೇಶ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಈಗ ಅಲ್ಲಿ ಸುಮಾರು 24 ಲಕ್ಷ ಜನ ಇದ್ದಾರೆ.

ಆ ದೇಶದ ನಡುವೆ ಒಂದು ದೊಡ್ಡ ನದಿ ಹರಿಯುತ್ತದೆ. ಅದರ ಹೆಸರೂ ಗ್ಯಾಂಬಿಯಾ. ನದಿಯ ಎಡದಂಡೆ, ಬಲದಂಡೆ, ಇಷ್ಟೇ ದೇಶ. ಉದ್ದ 300 ಕಿಲೋಮೀಟರಿಗೂ ಹೆಚ್ಚು. ಅಗಲ ಮಾತ್ರ 50 ಕಿಲೋಮೀಟರಿನ ಒಳಗೆ. ಉದ್ದನೆಯ ಸೆರಗಿನ ಹಾಗೆ ಕಾಣುತ್ತದೆ.

ಮೊದಲು ಆ ದೇಶವೂ ನಮ್ಮ ಹಾಗೆ ಬ್ರಿಟಿಷರ ಆಳ್ವಿಕೆಯಲ್ಲಿತ್ತು. 1965ರಲ್ಲಿ ಸ್ವತಂತ್ರವಾಯಿತು.

ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಉಳಿದ ತಿಂಗಳು ಒಣಗಾಲ. ನದಿಯಿಂದ ದೂರದಲ್ಲಿ ಎತ್ತರದ ಹೊಲಗಳಿವೆ. ಅಲ್ಲಿ ಗಂಡಸರು ಸಜ್ಜೆ, ಜೋಳ, ಶೇಂಗಾ ಬೆಳೆಯುತ್ತಾರೆ. ಶೇಂಗಾ ಮಾರಾಟದ ಬೆಳೆ. 1830ರ ದಶಕದಿಂದಲೇ ಅದು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು.

ನದಿಯ ಹತ್ತಿರ ತಗ್ಗು ನೆಲ ಇದೆ. ಕೆಸರು, ಜೌಗು. ಅಲ್ಲಿ ಭತ್ತ ಬೆಳೆಯುತ್ತದೆ. ಆ ಭತ್ತ ಹೆಂಗಸರ ಬೆಳೆ. ಬೀಜದಿಂದ ಹಿಡಿದು ಅಕ್ಕಿಯವರೆಗೆ ಎಲ್ಲಾ ಹೆಂಗಸರದೇ ಕೆಲಸ.

ನೀರಿನ ನಾಡಿ ಹಿಡಿದವರು

ಭತ್ತ ಏಷ್ಯಾ ಖಂಡದ್ದು ಅಂತ ನಾವು ತಿಳಿದಿದ್ದೇವೆ. ನಾವು ಬೆಳೆಯುವ ಭತ್ತದ ಮಟ್ಟಿಗೆ ಅದು ನಿಜ. ಆದರೆ ಆಫ್ರಿಕಾದಲ್ಲಿ ಬೇರೆಯದೇ ಒಂದು ಭತ್ತದ ಜಾತಿ ಇದೆ. ಅದನ್ನು ಅಲ್ಲಿನ ಜನರೇ ಕಾಡುಹುಲ್ಲಿನಿಂದ ಪಳಗಿಸಿದರು. ಅದು ಸುಮಾರು 3,000 ವರ್ಷ ಹಿಂದಿನ ಮಾತು. ಆ ಅಕ್ಕಿಯ ಬಣ್ಣ ಕೆಂಪು. ಗಟ್ಟಿ ಬೆಳೆ. ಕಷ್ಟದ ನೆಲದಲ್ಲೂ ಬರುತ್ತದೆ. ಆದರೆ ಮಿಲ್ಲಿಗೆ ಹಾಕಿದರೆ ಬೇಗ ನುಚ್ಚಾಗುತ್ತದೆ. ಒರಳು ಒನಕೆಯೇ ಅದಕ್ಕೆ ಸರಿ.

ಗ್ಯಾಂಬಿಯಾದ ಹೆಂಗಸರು ಒಂದೇ ರೀತಿಯ ಗದ್ದೆಯನ್ನು ನಂಬಿಕೊಂಡಿರಲಿಲ್ಲ. ಮಳೆ ನೀರಿನ ಗದ್ದೆ ಬೇರೆ. ನೀರು ಬಸಿದು ನಿಲ್ಲುವ ತಗ್ಗಿನ ಗದ್ದೆ ಬೇರೆ. ನದಿ ದಂಡೆಯ ಗದ್ದೆ ಬೇರೆ. ಒಂದೊಂದಕ್ಕೂ ಬೇರೆ ಬೇರೆ ತಳಿ. ಬೇಗ ಕೊಯ್ಲಿಗೆ ಬರುವುದು ಒಂದು. ನೀರು ತಡೆಯುವುದು ಒಂದು. ಉಪ್ಪು ತಡೆಯುವುದು ಇನ್ನೊಂದು. ಮಳೆ ಕೈಕೊಟ್ಟರೆ ಒಂದು ಗದ್ದೆ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಮನೆಗೆ ಅನ್ನ ತಪ್ಪುವುದಿಲ್ಲ.

ನದಿ ದಂಡೆಯ ಬೇಸಾಯವಂತೂ ಬಹಳ ಜಾಣತನದ್ದು. ಸಮುದ್ರಕ್ಕೆ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಆಗ ಸಮುದ್ರದ ನೀರು ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಗ್ಯಾಂಬಿಯಾ ನದಿಯಲ್ಲಿ 200 ಕಿಲೋಮೀಟರಿಗೂ ಹೆಚ್ಚು ದೂರ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಹೆಚ್ಚಾಗಿ ಉಪ್ಪನ್ನು ಹೊರಗೆ ತಳ್ಳುತ್ತದೆ.

ಸಮುದ್ರದ ಕಡೆಯ ದಂಡೆಯಲ್ಲಿ ಕಾಂಡ್ಲಾ ಗಿಡದ ಕಾಡಿದೆ. ಅಲ್ಲಿ ಮಳೆ ಬಂದು ಮಣ್ಣಿನ ಉಪ್ಪು ತೊಳೆದು ಹೋಗಬೇಕು. ಆಮೇಲೆ ನಾಟಿ. ಉಪ್ಪು ಮತ್ತೆ ಬರುವ ಮೊದಲೇ ಕೊಯ್ಲು ಮುಗಿಯಬೇಕು. ಇನ್ನೊಂದು ವಿಷಯ. ಕಾಂಡ್ಲಾ ನೆಲ ಪೂರ್ತಿ ಒಣಗಿದರೆ ಮಣ್ಣು ಹುಳಿಯಾಗುತ್ತದೆ. ಆಮೇಲೆ ಅಲ್ಲಿ ಭತ್ತ ಬರುವುದಿಲ್ಲ. ಸಮುದ್ರದಿಂದ ದೂರದ ಕಡೆ ನದಿಯ ನೀರು ಸಿಹಿ. ಅಲ್ಲಿ ಉಬ್ಬರ ಬಂದಾಗ ಸಿಹಿನೀರೇ ಗದ್ದೆಗೆ ಏರುತ್ತದೆ. ಪಂಪು ಬೇಡ, ಕಾಲುವೆ ಬೇಡ. ಚಂದ್ರನ ಲೆಕ್ಕ ಗೊತ್ತಿದ್ದರೆ ಸಾಕು.

ಇಂಥ ಬೇಸಾಯ ನಮ್ಮಲ್ಲೂ ಇದೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ. ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಅದು ಉಪ್ಪುನೀರನ್ನು ತಡೆಯುವ ಭತ್ತ. ಎಲ್ಲಿಯ ಗ್ಯಾಂಬಿಯಾ, ಎಲ್ಲಿಯ ಕುಮಟಾ! ಎರಡು ಕಡೆಯ ಜನರೂ ತಾವು ತಾವೇ ಸಮುದ್ರದ ಜೊತೆ ಹೊಂದಿಕೊಳ್ಳುವುದನ್ನು ಕಲಿತರು.

ಮನೆಯ ಹೊಲ, ನನ್ನ ಹೊಲ

ಗ್ಯಾಂಬಿಯಾದಲ್ಲಿ ಮಂಡಿಂಕಾ ಎಂಬ ಜನ ಹೆಚ್ಚು. ಅವರಲ್ಲಿ ಒಂದೇ ಮನೆಯಲ್ಲಿ ಎರಡು ಬಗೆಯ ಹೊಲಗಳಿದ್ದವು. ಇದನ್ನು ನಿಧಾನವಾಗಿ ಓದಿ. ಕಥೆಯ ಜೀವ ಇಲ್ಲೇ ಇದೆ.

ಒಂದು ಬಗೆಯ ಹೊಲಕ್ಕೆ ಮರುವೊ ಅಂತ ಹೆಸರು. ಇದು ಇಡೀ ಮನೆಯ ಹೊಲ. ಎಲ್ಲರೂ ದುಡಿಯಬೇಕು. ಬೆಳೆ ಮನೆಯ ಊಟಕ್ಕೆ. ಯಜಮಾನ ಅದನ್ನು ನೋಡಿಕೊಳ್ಳುತ್ತಾನೆ.

ಇನ್ನೊಂದಕ್ಕೆ ಕಮನ್ಯಾಂಗೊ ಅಂತ ಹೆಸರು. ಇದು ಒಬ್ಬರ ಸ್ವಂತ ಹೊಲ. ಮನೆಯ ಹೊಲದಲ್ಲಿ ದುಡಿದವರಿಗೆ ಸ್ವಂತಕ್ಕೂ ಒಂದು ತುಂಡು ಹೊಲ ಸಿಗುತ್ತಿತ್ತು. ಅದರ ಬೆಳೆ ಅವರದೇ. ತಿನ್ನಲಿ, ಮಾರಲಿ, ಯಾರೂ ಕೇಳುವಂತಿಲ್ಲ. ಹೆಂಗಸರಿಗೂ ಈ ಹಕ್ಕು ಇತ್ತು.

ಜೌಗು ನೆಲವನ್ನು ಹೆಂಗಸೇ ಕಡಿದು ಹಸನು ಮಾಡಿದರೆ ಅದು ಅವಳದೇ ಗದ್ದೆ. ಅದು ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಆ ಗದ್ದೆಯ ದುಡ್ಡಿನಲ್ಲಿ ಅವಳು ಬಟ್ಟೆ ತರುತ್ತಿದ್ದಳು, ಮಕ್ಕಳ ಖರ್ಚು ನೋಡುತ್ತಿದ್ದಳು. ಗಂಡನ ಮುಂದೆ ಕೈಚಾಚುವ ಪ್ರಮೇಯ ಕಡಿಮೆ.

ಈ ಹಕ್ಕಿಗೆ ಕಾಗದ ಇರಲಿಲ್ಲ. ಪತ್ರ ಇರಲಿಲ್ಲ. ಊರಿನ ಮಾತೇ ಪತ್ರ. ಎಲ್ಲರೂ ಒಪ್ಪಿ ನಡೆಸುವವರೆಗೆ ನಡೆಯಿತು.

ಬರ ಬಂತು, ಯೋಜನೆ ಬಂತು

1960ರ ದಶಕದ ಕೊನೆಯಿಂದ ಪಶ್ಚಿಮ ಆಫ್ರಿಕಾದಲ್ಲಿ ಮಳೆ ಕಡಿಮೆಯಾಯಿತು. 1970, 1980ರ ದಶಕಗಳಲ್ಲೂ ಬರದ ವರ್ಷಗಳು ಬಂದವು. ನದಿಯಲ್ಲಿ ಸಿಹಿನೀರು ಕುಗ್ಗಿತು. ಉಪ್ಪು ಇನ್ನೂ ಒಳಗೆ ಬಂತು. ಅನೇಕ ಗದ್ದೆಗಳು ಕೆಟ್ಟವು. ದೇಶ ಹೊರಗಿನಿಂದ ಅಕ್ಕಿ ತರಿಸಬೇಕಾಯಿತು.

ದೇಶದಲ್ಲೇ ಹೆಚ್ಚು ಭತ್ತ ಬೆಳೆಯಬೇಕು ಅಂತ ಸರ್ಕಾರ ಯೋಚಿಸಿತು. ಹೊರಗಿನವರು ನೆರವಿಗೆ ಬಂದರು. 1966ರಲ್ಲಿ ತೈವಾನ್‌ನವರು ಬಂದರು. ಆಮೇಲೆ ವಿಶ್ವಬ್ಯಾಂಕು, ಚೀನಾದವರು ಬಂದರು. ಪಂಪು ತಂದರು. ಹೊಸ ಬೀಜ, ಗೊಬ್ಬರ ತಂದರು. ಹೊಸ ಬೇಸಾಯ ಕಲಿಸಿದರು.

ಯಾರಿಗೆ ಕಲಿಸಿದರು? ಗಂಡಸರಿಗೆ!

ನೋಡಿ, ಆ ನಾಡಿನಲ್ಲಿ ಭತ್ತ ಬಲ್ಲವರು ಹೆಂಗಸರು. ಆದರೆ ರೈತ ಅಂದರೆ ಗಂಡಸು ಅಂತ ಬಂದವರು ತಿಳಿದರು. ಹೊಸ ನೀರಾವರಿ ಗದ್ದೆಗಳು ಗಂಡಸರ ಕೈಗೆ ಹೋದವು. ಯೋಜನೆಗಳು ಅಂದುಕೊಂಡಷ್ಟು ಫಲ ಕೊಡಲಿಲ್ಲ.

1984ರಲ್ಲಿ ಇನ್ನೂ ದೊಡ್ಡ ಯೋಜನೆ ಬಂತು. ನದಿಯ ನಡುಭಾಗದಲ್ಲಿ ಜಹಾಲಿ ಮತ್ತು ಪಚಾರ್ ಎಂಬ ಎರಡು ಜೌಗು ನೆಲಗಳಿದ್ದವು. ಎರಡೂ ಸೇರಿ ಸುಮಾರು 1,500 ಹೆಕ್ಟೇರ್. ಅಂದರೆ ಸುಮಾರು 3,700 ಎಕರೆ. ವಿಶ್ವಸಂಸ್ಥೆಗೆ ಸೇರಿದ ಕೃಷಿ ಅಭಿವೃದ್ಧಿ ನಿಧಿ ಇದಕ್ಕೆ ಹಣ ಕೊಟ್ಟಿತು. ವರ್ಷಕ್ಕೆ ಎರಡು ಬೆಳೆ ತೆಗೆಯಬೇಕು ಅಂತ ಗುರಿ.

ಈ ಸಲ ಹೆಂಗಸರಿಗೂ ಲಾಭ ಸಿಗಬೇಕು ಅಂತ ಯೋಜನೆಯಲ್ಲಿ ಬರೆದಿದ್ದರು. ಬಹಳ ಒಳ್ಳೆಯ ಮಾತು. ಆದರೆ ಆದದ್ದೇನು?

ಹೆಸರು ಬಂತು, ಹಕ್ಕು ಹೋಯಿತು

ಕಾರ್ನಿ ಈ ಯೋಜನೆಯ ಊರುಗಳಲ್ಲಿ ಇದ್ದು ನೋಡಿದರು. ಹೆಂಗಸರನ್ನು ಮಾತಾಡಿಸಿದರು. ಅವರು ಕಂಡದ್ದು ಇದು.

ಮೊದಲು ಗದ್ದೆ ಹಂಚುವಾಗ ಗಂಡಸರ ಹೆಸರಿಗೇ ಹೆಚ್ಚು ಹೋಯಿತು. ಹೆಂಗಸರು ಸುಮ್ಮನಿರಲಿಲ್ಲ. ಇದು ನಾವು ತಲೆತಲಾಂತರದಿಂದ ಭತ್ತ ಬೆಳೆದ ನೆಲ ಅಂತ ದನಿ ಎತ್ತಿದರು. ಆಮೇಲೆ ದಾಖಲೆ ತಿದ್ದಿದರು. ಹೆಂಗಸರ ಹೆಸರು ಬರೆದರು.

ಗೆದ್ದರು ಅಂತೀರಾ? ಸ್ವಲ್ಪ ತಾಳಿ.

ಹೆಸರೇನೋ ಹೆಂಗಸರದು. ಆದರೆ ಯಜಮಾನರು ಒಂದು ಮಾತು ಹೇಳಿದರು. ಈ ಹೊಸ ಗದ್ದೆಗಳೆಲ್ಲಾ ಮರುವೊ, ಅಂದರೆ ಮನೆಯ ಹೊಲ ಎಂದರು. ಯೋಜನೆ ನಡೆಸುವವರೂ ಅದನ್ನೇ ಒಪ್ಪಿದರು. ಮನೆಯ ಹೊಲ ಅಂದ ಮೇಲೆ ಏನಾಯಿತು? ದುಡಿಮೆ ಹೆಂಗಸರದು, ಬೆಳೆಯ ಯಜಮಾನಿಕೆ ಗಂಡಸರದು. ಸ್ವಂತ ಗದ್ದೆ, ಅಂದರೆ ಕಮನ್ಯಾಂಗೊ, ಅಲ್ಲಿ ಇಲ್ಲವಾಯಿತು.

ಒಂದೇ ಒಂದು ಮಾತು ಬದಲಾಯಿತು. 'ನನ್ನ ಹೊಲ' ಹೋಗಿ 'ಮನೆಯ ಹೊಲ' ಆಯಿತು. ನೆಲ ಅದೇ, ನೀರು ಅದೇ, ಬಗ್ಗುವ ಬೆನ್ನೂ ಅದೇ. ದುಡ್ಡು ಮಾತ್ರ ಬೇರೆ ಕೈಗೆ ಹೋಯಿತು.

ಇದರ ಮೇಲೆ ಕೆಲಸ ಹೆಚ್ಚಾಯಿತು. ಮೊದಲು ಮಳೆಗಾಲದಲ್ಲಿ ಒಂದು ಬೆಳೆ. ಈಗ ಪಂಪು ಬಂದು ಎರಡು ಬೆಳೆ. ಒಣಗಾಲದಲ್ಲಿ ಮೊದಲು ಸ್ವಲ್ಪ ಬಿಡುವಿತ್ತು. ಈಗ ಅದೂ ಇಲ್ಲ. ನೀರು, ಬೀಜ, ಗೊಬ್ಬರದ ಸಾಲ ತೀರಿಸಬೇಕು. ಹೇಳಿದ ಹೊತ್ತಿಗೆ ನಾಟಿ, ಹೇಳಿದ ಹೊತ್ತಿಗೆ ಕೊಯ್ಲು ಆಗಬೇಕು. ಇಲ್ಲದಿದ್ದರೆ ಗದ್ದೆ ಕೈಬಿಡುವ ಭಯ.

ಹೆಂಗಸರು ಏನು ಮಾಡಿದರು?

ಹೆಂಗಸರು ಅಳುತ್ತಾ ಕೂರಲಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ದಾರಿ ಹಿಡಿದರು. ಕಾರ್ನಿ ಮೂರು ದಾರಿಗಳನ್ನು ಕಂಡರು.

ಮೊದಲನೆಯ ದಾರಿ. ಕೆಲವರು ಮನೆಯ ಯಜಮಾನನ ಹತ್ತಿರ ಚೌಕಾಸಿ ಮಾಡಿದರು. ನಾವು ಎರಡು ಬೆಳೆಗೂ ದುಡಿಯಬೇಕಾದರೆ ಒಂದು ಹಂಗಾಮಿಗಾದರೂ ನಮಗೆ ಸ್ವಂತ ಗದ್ದೆ ಬೇಕು ಎಂದರು. ಪಡೆದರು.

ಎರಡನೆಯ ದಾರಿ. ಇನ್ನು ಕೆಲವರು ಬೆಳೆಯಲ್ಲಿ ಪಾಲು ಕೇಳಿದರು. ಕೊಯ್ಲಾದ ಮೇಲೆ ಅವರಿಗೆ ಭತ್ತದ ಒಂದು ಪಾಲು ಸಿಕ್ಕಿತು. ದೊಡ್ಡ ಪಾಲೇನಲ್ಲ. ಆದರೂ ದುಡಿಮೆಗೆ ಬೆಲೆ ಇದೆ ಅಂತ ಒಪ್ಪಿಸಿದರು.

ಮೂರನೆಯ ದಾರಿ. ಕೆಲವು ಕಡೆ ಏನೂ ಸಿಗಲಿಲ್ಲ. ಅಲ್ಲಿನ ಹೆಂಗಸರು ಮನೆಯ ನೀರಾವರಿ ಗದ್ದೆಗೆ ಬರುವುದಿಲ್ಲ ಎಂದರು. ಅವರು ಗುಂಪು ಕಟ್ಟಿದರು. ಗುಂಪಾಗಿ ಬೇರೆಯವರ ಗದ್ದೆಗೆ ನಾಟಿಗೆ, ಕಳೆಗೆ, ಕೊಯ್ಲಿಗೆ ಹೋದರು. ನಾಟಿಯ ಹೊತ್ತು ತಪ್ಪಿದರೆ ಬೆಳೆ ಹೋಗುತ್ತದೆ. ಅದು ಅವರಿಗೆ ಗೊತ್ತಿತ್ತು. ಒಟ್ಟಿಗೆ ನಿಂತು ಕೂಲಿ ಮಾತಾಡಿದರು. ಕೂಲಿ ಏರಿತು.

ಒಬ್ಬಳೇ ಕೇಳಿದ್ದರೆ ಏರುತ್ತಿತ್ತೇ? ಯೋಚಿಸಿ.

ಅಲ್ಲಿಂದ ತಿಳಿಯುವುದೇನು?

ಕಾರ್ನಿ ಈ ಕಥೆಯಿಂದ ಮೂರು ಪಾಠ ಎತ್ತಿ ತೋರಿಸಿದರು.

ಒಂದು, ಮನೆ ಅಂದರೆ ಒಂದೇ ಗಂಟಲ್ಲ. ಮನೆಗೆ ಲಾಭ ಬಂತು ಅಂತ ಕಾಗದದಲ್ಲಿ ಬರೆಯಬಹುದು. ಮನೆಯ ಒಳಗೆ ಯಾರು ದುಡಿದರು, ಯಾರು ಪಡೆದರು ಎಂಬುದನ್ನೂ ನೋಡಬೇಕು. ಫಸಲು ಹೆಚ್ಚಾಗಿಯೂ ಹೆಂಗಸು ಬಡವಳಾಗಬಹುದು.

ಎರಡು, ನೆಲ ಬದಲಾದಾಗ ಹಕ್ಕೂ ಬದಲಾಗುತ್ತದೆ. ಜೌಗು ನೆಲಕ್ಕೆ ಬೆಲೆ ಇಲ್ಲದಾಗ ಅದು ಹೆಂಗಸರದಾಗಿತ್ತು. ಪಂಪು ಬಂತು, ಕಾಲುವೆ ಬಂತು, ಬೆಲೆ ಬಂತು. ಆಗ ಅದು ಯಾರದು ಎಂಬ ತಕರಾರೂ ಬಂತು. ನಮ್ಮೂರಿಗೂ ಕಾಲುವೆ ಬರಬಹುದು, ರಸ್ತೆ ಬರಬಹುದು, ಕಾರ್ಖಾನೆ ಬರಬಹುದು. ಆಗ ಇದನ್ನು ನೆನಪಿಡಬೇಕು.

ಮೂರು, ಬಲ್ಲವರನ್ನು ಕೇಳದೆ ಕೆಲಸ ಮಾಡಿದರೆ ಕೆಲಸ ಕೆಡುತ್ತದೆ. ನೀರಿನ ಲೆಕ್ಕ, ಬೀಜದ ಲೆಕ್ಕ ಬಲ್ಲವರು ಹೆಂಗಸರು. ಅವರ ಮನಸ್ಸಿಲ್ಲದೆ ಗದ್ದೆ ಹೇಗೆ ನಡೆದೀತು? ಇಷ್ಟೆಲ್ಲಾ ಯೋಜನೆ ಬಂದರೂ ಗ್ಯಾಂಬಿಯಾ ಇಂದಿಗೂ ತನಗೆ ಬೇಕಾದ ಅಕ್ಕಿಯಲ್ಲಿ ಹೆಚ್ಚಿನ ಪಾಲನ್ನು ಹೊರಗಿನಿಂದ ತರಿಸುತ್ತದೆ.

ಸಮುದ್ರ ದಾಟಿದ ಭತ್ತ

ಕಾರ್ನಿ ಇಲ್ಲಿಗೆ ನಿಲ್ಲಿಸಲಿಲ್ಲ. ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು. ತಮ್ಮ ದೇಶ ಅಮೆರಿಕದಲ್ಲೂ ಹಿಂದೆ ಭತ್ತ ಬೆಳೆಯುತ್ತಿದ್ದರು. ಅಲ್ಲಿಗೆ ಆ ವಿದ್ಯೆ ಯಾರಿಂದ ಬಂತು?

ಒಂದು ಕಾಲದಲ್ಲಿ ಯುರೋಪಿನ ವ್ಯಾಪಾರಿಗಳು ಆಫ್ರಿಕಾದ ಜನರನ್ನು ಕೊಂಡು, ಸರಪಳಿ ಹಾಕಿ ಹಡಗಿನಲ್ಲಿ ಸಾಗಿಸುತ್ತಿದ್ದರು. ಅಮೆರಿಕಕ್ಕೆ ಒಯ್ದು ಗುಲಾಮರಾಗಿ ಮಾರುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರನ್ನೂ. ಅಮೆರಿಕ ದೇಶದಲ್ಲಿ ಗುಲಾಮಗಿರಿ ಕೊನೆಯಾದದ್ದು 1865ರಲ್ಲಿ.

ಅಮೆರಿಕದ ದಕ್ಷಿಣ ಕೆರೊಲಿನಾ ಎಂಬ ಕಡೆ ಬಿಳಿ ಧಣಿಗಳು ದೊಡ್ಡ ದೊಡ್ಡ ಭತ್ತದ ಗದ್ದೆ ಮಾಡಿದರು. ಬಹಳ ಶ್ರೀಮಂತರಾದರು. ಧಣಿಗಳೇ ಬುದ್ಧಿ ಓಡಿಸಿ ಈ ಬೇಸಾಯ ಕಟ್ಟಿದರು, ಗುಲಾಮರು ಬರೀ ಮೈ ದುಡಿಸಿದರು ಅಂತ ಬಹಳ ಕಾಲ ಹೇಳುತ್ತಿದ್ದರು.

ಕಾರ್ನಿ ಬೇರೆಯದನ್ನೇ ಕಂಡರು. ಕೆರೊಲಿನಾದಲ್ಲಿ ಬೀಜ ಬಿತ್ತಿ ಹಿಮ್ಮಡಿಯಿಂದ ಮಣ್ಣು ಮುಚ್ಚುತ್ತಿದ್ದರು. ಪಶ್ಚಿಮ ಆಫ್ರಿಕಾದಲ್ಲೂ ಹಾಗೆಯೇ. ಕೆರೊಲಿನಾದಲ್ಲಿ ಉಬ್ಬರದ ನೀರನ್ನು ಗದ್ದೆಗೆ ಬಿಡುತ್ತಿದ್ದರು. ಆಫ್ರಿಕಾದಲ್ಲೂ ಹಾಗೆಯೇ. ಮರದ ಬೊಡ್ಡೆ ಕೊರೆದು ತೂಬು ಮಾಡುವುದು, ಒರಳು ಒನಕೆಯಲ್ಲಿ ಕುಟ್ಟುವುದು, ಹೆಣೆದ ಮೊರದಲ್ಲಿ ಕೇರುವುದು, ಎಲ್ಲಾ ಹಾಗೆಯೇ. ಕುಟ್ಟುವ, ಕೇರುವ ಕೈ ಅಲ್ಲೂ ಹೆಂಗಸರದೇ.

ಹಾಗಾದರೆ ಆ ವಿದ್ಯೆ ಹಡಗಿನಲ್ಲಿ ಬಂದ ಗುಲಾಮರ ತಲೆಯಲ್ಲೇ ಬಂತು, ಅದರಲ್ಲೂ ಹೆಂಗಸರಿಂದ ಬಂತು ಎಂದರು ಕಾರ್ನಿ. 2001ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಅದರ ಹೆಸರು 'ಬ್ಲ್ಯಾಕ್ ರೈಸ್'. ಅಂದರೆ ಕಪ್ಪು ಜನರ ಅಕ್ಕಿ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಕೆಲವು ಇತಿಹಾಸಕಾರರು 2007ರಲ್ಲಿ ವಾದ ಮಾಡಿದರು. ಬಿಳಿ ಧಣಿಗಳ ಪಾತ್ರವೂ ದೊಡ್ಡದು ಎಂದರು. ವಿದ್ಯೆಯಲ್ಲಿ ಹೀಗೆ ವಾದ ನಡೆಯುವುದು ಒಳ್ಳೆಯದೇ. ಆದರೆ ಒಂದಂತೂ ಆಯಿತು. ಗುಲಾಮರಿಗೂ ವಿದ್ಯೆ ಇತ್ತು, ಅವರ ಹೆಂಗಸರಿಗೂ ವಿದ್ಯೆ ಇತ್ತು ಎಂಬ ಮಾತು ಎಲ್ಲೆಡೆ ಹರಡಿತು.

ದಕ್ಷಿಣ ಅಮೆರಿಕದಲ್ಲಿ ಸುರಿನಾಮ್ ಎಂಬ ದೇಶ ಇದೆ. ಹಿಂದೆ ಅಲ್ಲಿ ಧಣಿಗಳಿಂದ ತಪ್ಪಿಸಿಕೊಂಡ ಗುಲಾಮರು ಕಾಡು ಸೇರಿದರು. ಅವರ ವಂಶದವರು ಇಂದಿಗೂ ಭತ್ತ ಬೆಳೆಯುತ್ತಾರೆ. ಅವರಲ್ಲಿ ಒಂದು ಕಥೆ ಇದೆ. ನಮ್ಮ ಅಜ್ಜಿಯೊಬ್ಬಳು ತಲೆಗೂದಲಿನಲ್ಲಿ ಭತ್ತದ ಕಾಳು ಬಚ್ಚಿಟ್ಟುಕೊಂಡು ತಂದಳು ಅಂತ. ಬ್ರೆಜಿಲ್ ದೇಶದಲ್ಲೂ ಇಂಥ ಕಥೆ ಹೇಳುತ್ತಾರೆ.

ಕಥೆ ನಿಜವೋ ಸುಳ್ಳೋ ಅಂತೀರಾ? 2016ರಲ್ಲಿ ವಿಜ್ಞಾನಿಗಳು ಸುರಿನಾಮ್‌ನ ಆ ಭತ್ತವನ್ನು ಪರೀಕ್ಷೆ ಮಾಡಿದರು. ಅದರ ಮೂಲ ಪಶ್ಚಿಮ ಆಫ್ರಿಕಾ ಅಂತ ತಿಳಿಯಿತು. ಕೂದಲಿನಲ್ಲೇ ಬಂತೋ, ಹಡಗಿನ ಮೂಟೆಯಲ್ಲಿ ಬಂತೋ ಪರೀಕ್ಷೆ ಹೇಳಲಾರದು. ಆದರೆ ಬೀಜ ಆಫ್ರಿಕಾದ್ದು. ಅದನ್ನು ಉಳಿಸಿಕೊಂಡವರು ಅದೇ ಜನ.

ನಮ್ಮ ಕಡೆ ಹೇಗೆ?

ಗ್ಯಾಂಬಿಯಾದ ಹೆಂಗಸರ ಹಕ್ಕು ಬಾಯಿಮಾತಿನದು. ಅದಕ್ಕೇ ಸುಲಭವಾಗಿ ಜಾರಿತು. ನಮ್ಮಲ್ಲಿ ಕಾನೂನು ಇದೆ. ಅದನ್ನು ತಿಳಿದುಕೊಳ್ಳೋಣ.

ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮೊದಲು ಗಂಡುಮಕ್ಕಳಿಗೆ ಮಾತ್ರ ಹುಟ್ಟಿನಿಂದ ಹಕ್ಕಿತ್ತು. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು. ಹೆಣ್ಣುಮಕ್ಕಳಿಗೂ ಸಮಪಾಲು ಎಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರಲ್ಲಿ ದೇಶಕ್ಕೆಲ್ಲಾ ಕಾನೂನು ಬಂತು. ಮದುವೆಯಾದ ಮಗಳಿಗೂ ಪಾಲು ಎಂದಿತು. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟ ಮಾಡಿತು. ಮಗನಿಗೆ ಹೇಗೋ ಹಾಗೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು. 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದಿತು. ಬೇರೆ ಧರ್ಮದವರಿಗೆ ಬೇರೆ ನಿಯಮಗಳಿವೆ.

ಆದರೂ ಒಂದು ಅಪಾಯ ಇದೆ. ಅಣ್ಣತಮ್ಮಂದಿರು ಕಾಗದ ತರುತ್ತಾರೆ. ಇಲ್ಲೊಂದು ಸಹಿ ಹಾಕಮ್ಮ ಅನ್ನುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ ಆಗಿರಬಹುದು. ಅಂದರೆ ನನ್ನ ಪಾಲು ನನಗೆ ಬೇಡ ಅಂತ ಬರೆದುಕೊಟ್ಟ ಹಾಗೆ. ಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ಓದದೆ ಸಹಿ ಹಾಕಬೇಡಿ. ಹೆಬ್ಬೆಟ್ಟು ಒತ್ತುವ ಕಾಲ ನಿಮಗೆ ಮುಗಿಯಿತು. ಈಗ ನಿಮಗೆ ಓದು ಬಂದಿದೆ.

ನಿಮ್ಮ ಹೊಲದ ಪಹಣಿ ತರಿಸಿ. ನಾಡಕಚೇರಿಯಲ್ಲಿ ಸಿಗುತ್ತದೆ. ಸರ್ವೆ ನಂಬರು ಓದಿ. ಎಷ್ಟು ಎಕರೆ, ಎಷ್ಟು ಗುಂಟೆ ಓದಿ. ಸ್ವಾಧೀನದಾರರ ಹೆಸರು ಎಂಬ ಕಡೆ ಯಾರ ಹೆಸರಿದೆ, ಅಕ್ಷರ ಕೂಡಿಸಿ ಓದಿ. ಅರ್ಥವಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅಲ್ಲಿ ಹೆಂಗಸರಿಗೆ ಕಾನೂನು ನೆರವು ಉಚಿತ. ಒಬ್ಬರೇ ಹೋಗಲು ಅಂಜಿಕೆಯಾದರೆ ನಾಲ್ಕು ಜನ ಕೂಡಿ ಹೋಗಿ.

ಇನ್ನೂ ಒಂದು ಮಾತು. ಹೆಸರು ಬಂದರೆ ಸಾಲದು. ಗ್ಯಾಂಬಿಯಾದಲ್ಲಿ ಹೆಸರು ಬಂದೂ ಹಕ್ಕು ಹೋಯಿತು. ಹೆಸರಿನ ಜೊತೆ ಲೆಕ್ಕವೂ ಬೇಕು. ಎಷ್ಟು ಮೂಟೆ ಬಂತು, ಎಷ್ಟಕ್ಕೆ ಮಾರಿದರು, ಸಾಲ ಎಷ್ಟು, ಉಳಿದದ್ದು ಎಷ್ಟು? ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಕೈಯ ಅಕ್ಷರದಲ್ಲೇ ಬರೆಯಿರಿ. ಗದ್ದೆಯ ಮಾತು ಬಂದಾಗ ಆ ಪುಸ್ತಕ ತೆಗೆದಿಡಿ.

ಕೂಡಿ ಮಾತಾಡಿ

1. ನಿಮ್ಮೂರಿನಲ್ಲಿ ಹೆಂಗಸರಿಗೆ ಮಾತ್ರ ಗೊತ್ತಿರುವ ಬೇಸಾಯದ ವಿಷಯ ಯಾವುದು? ಅದನ್ನು ಮಗಳಿಗೆ, ಸೊಸೆಗೆ ಕಲಿಸಿದ್ದೀರಾ?

2. 'ಮನೆಯ ಹೊಲ', 'ನನ್ನ ಹೊಲ', ಈ ಎರಡರ ನಡುವೆ ಏನು ವ್ಯತ್ಯಾಸ?

3. ಗ್ಯಾಂಬಿಯಾದ ಹೆಂಗಸರು ಹಿಡಿದ ಮೂರು ದಾರಿಗಳಲ್ಲಿ ನಿಮಗೆ ಯಾವುದು ಸರಿ ಅನ್ನಿಸಿತು? ಯಾಕೆ?

4. ನಿಮ್ಮೂರಿಗೆ ಹೊಸ ಕಾಲುವೆಯೋ ಕೊಳವೆಬಾವಿಯೋ ಬಂದರೆ ಹೆಂಗಸರ ಕೆಲಸ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ದುಡ್ಡು ಯಾರ ಕೈಗೆ ಬರುತ್ತದೆ?

5. ಮುಂದಿನ ವಾರ ಎಲ್ಲರೂ ಮನೆಯ ಪಹಣಿ ತನ್ನಿ. ಒಬ್ಬರದನ್ನು ಒಬ್ಬರು ಓದಿ ಹೇಳಿ.